ಮಡಿಲು ತುಂಬಿ ಕಳಿಸಿದವಳು ನಾನೇ

ಹೋದ ವರ್ಷದ ಶ್ರಾವಣದಲ್ಲಿ ಒಂದು ಸೋಮವಾರ. ನನ್ನ ನಾದಿನಿ ಸವಿತಾಳ ಕೊಲೆಯ ಕೇಸಿಗೆ ಹಾಸನದ ಕೋರ್ಟಿನಲ್ಲಿ ಅಂದು ತೀರ್ಪು. ಕೊಂದವನು ಅವಳ ಗಂಡ. ಡೈರಿಗೆ ಹಾಲು ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, ಅತ್ತೆಯ ಜೊತೆ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿದೆ.

"ಯಾರು ತಿಂತಾರೆ ಅಂತ ಕಟ್ಟಿದ್ದೀಯೇ?" ಎಂದರು ಅತ್ತೆ.

ಜಾಮೀನಿನ ಮೇಲಿದ್ದ ಅವನು, "ಬಿಡುಗಡೆ ಆದ ದಿನವೇ ಮಗೂನ ಕರ್ಕೊಂಡೋಯ್ತೀನಿ" ಎಂದು ಹೇಳಿ ಕಳಿಸಿದ್ದ. ಸವಿತಾಳ ಮಗಳು ಚಿನ್ನು ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದಳು. ಅವನ ಹೆಸರು ಕೇಳಿದರೆ ಮಂಚದ ಕೆಳಗೆ ಸೇರುತ್ತಿದ್ದಳು.

ನನ್ನ ಭಯಕ್ಕೆ ಇನ್ನೊಂದು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಸವಿತಾ ಅರಕಲಗೂಡಿನ ಕಡೆಯ ಗಂಡನ ಮನೆಯಿಂದ ಕೆನ್ನೆ ಊದಿಸಿಕೊಂಡು ಬಂದಿದ್ದಳು. ಎಂಟು ದಿನಕ್ಕೆ ಅವನು ಬಂದು ಎಲ್ಲರ ಕಾಲಿಗೆ ಬಿದ್ದ. ನಾನೂ ನಂಬಿದೆ. ಮಣೆ ಹಾಕಿ ಕೂರಿಸಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಅವಳ ಮಡಿಲು ತುಂಬಿದೆ. ತವರು ತಣ್ಣಗಿರಲಿ ಎಂದು ಅವಳು ಮೂರು ಹಿಡಿ ಅಕ್ಕಿಯನ್ನು ಮೊರಕ್ಕೆ ವಾಪಸ್ ಹಾಕಿದಳು. ಆಮೇಲೆ ಮೆಲ್ಲಗೆ, "ಅತ್ಗೆ, ಇನ್ನೆರಡು ದಿನ ಇದ್ದು ಓಯ್ತೀನಿ" ಎಂದಳು.

"ಮಡಿಲು ತುಂಬಿದ ಮ್ಯಾಲೆ ಉಳ್ಕಬಾರ್ದು ಕಣವ್ವ, ಓಗು" ಎಂದೆ.

ಹದಿನೈದು ದಿನಕ್ಕೆ ಅವಳ ಸಾವಿನ ಸುದ್ದಿ ಬಂತು.

ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳುವಾಗ ಅವನ ಕಡೆಯ ವಕೀಲರು ಇದನ್ನೇ ಹಿಡಿದರು. "ಹೊಡೀತಿದ್ದ ಅಂತೀರಿ. ಹಾಗಿದ್ರೆ ಮಡಿಲು ತುಂಬಿ ಯಾಕಮ್ಮ ಕಳಿಸಿದ್ರಿ?" ತುಂಬಲಿಲ್ಲ ಎಂದುಬಿಡೋಣ ಅನ್ನಿಸಿತು. ನಾಲಗೆ ಏಳಲಿಲ್ಲ. "ತುಂಬಿದ್ದು ನಿಜ ಸಾ. ಅವಳ ಕೆನ್ನೆ ಊದಿದ್ದೂ ನಿಜ. ಕಳಿಸಿದ್ದು ನನ್ನ ತಪ್ಪು. ಕೊಂದಿದ್ದು ಅವನ ತಪ್ಪು" ಎಂದೆ. ನನ್ನ ಈ ಮಾತಿನಿಂದಲೇ ಕೇಸು ಬಿದ್ದುಹೋದರೆ ಎಂದು ಅಂದಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ತೀರ್ಪಿನ ದಿನ ಜಡ್ಜ್ ಸಾಹೇಬರು ಓದಿದ್ದರಲ್ಲಿ ನನಗೆ ಅರ್ಥವಾಗಿದ್ದು 'ಜೀವಾವಧಿ' ಎಂಬ ಒಂದೇ ಪದ. ಪಕ್ಕದಲ್ಲಿದ್ದ ಮಹಿಳಾ ಪೊಲೀಸರನ್ನು, "ಮಗೂನ ಕೇಳ್ಕಂಡು ಬತ್ತಾನೇನವ್ವ?" ಎಂದೆ.

"ಎಲ್ಲಿಂದ ಬತ್ತಾನಕ್ಕ? ಜೈಲಿಗೆ ಕಳಿಸ್ತಾವ್ರೆ."

ಸರ್ಕಾರಿ ವಕೀಲರು ಹೊರಗೆ ಬಂದು, "ನೀವು ಮುಚ್ಚಿಡದೆ ಹೇಳಿದ್ದನ್ನ ಜಡ್ಜ್ ನಂಬಿದಾರಮ್ಮ" ಎಂದರು. ಅಲ್ಲೇ ಮರದ ಕಟ್ಟೆಯ ಮೇಲೆ ಕುಳಿತೆ.

ಅತ್ತೆ ಬಂದು ಪಕ್ಕದಲ್ಲಿ ಕುಳಿತರು. "ಡಬ್ಬಿ ಬಿಚ್ಚೇ, ಹೊಟ್ಟೆ ಹಸೀತೈತೆ" ಎಂದರು. ಎರಡು ತುತ್ತು ತಿಂದು, "ಉಪ್ಪೇ ಹಾಕಿಲ್ವಲ್ಲೇ" ಎಂದು ಬೈದರು. ಸವಿತಾ ಹೋದ ಮೇಲೆ ಅವರು ಅಡುಗೆಯ ರುಚಿಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅಳುತ್ತಲೇ ನಕ್ಕೆ.

ಈ ಸಲ ಗೌರಿ ಹಬ್ಬಕ್ಕೆ ಚನ್ನರಾಯಪಟ್ಟಣದಿಂದ ನನ್ನ ಮಗಳು ಬಂದಿದ್ದಳು. ಅವಳ ಮನೆಯಲ್ಲಿ ಯಾವ ಕಷ್ಟವೂ ಇಲ್ಲ. ಆದರೂ ಮಡಿಲು ತುಂಬಿದ ಮೇಲೆ, "ಉಳ್ಕಬೇಕು ಅನ್ಸಿದ್ರೆ ಉಳ್ಕೊ" ಎಂದೆ.

"ಮಡಿಲು ತುಂಬಿದ ಮ್ಯಾಲೆ ಉಳ್ಕಬಾರ್ದಲ್ವೇನವ್ವ?" ಎಂದು ನಕ್ಕಳು.

"ಯಾರೇ ಅಂಗಂದಿದ್ದು?" ಎಂದು ಗದರಿದೆ.

ಹಾಗೆ ಅಂದವಳು ನಾನೇ. ಅಷ್ಟರಲ್ಲಿ ಚಿನ್ನು ನನ್ನ ಮಗಳ ಬ್ಯಾಗನ್ನು ಒಳಗೆ ಎಳೆದುಕೊಂಡು ಹೋಗಿದ್ದಳು. ಮಗಳು ಎರಡು ದಿನ ಉಳಿದಳು. ಆ ಎರಡೂ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.