ಅತ್ತೆಯ ಪರೀಕ್ಷೆ, ಅಪ್ಪನ ಫಲಿತಾಂಶ

ಅರವತ್ತರ ದಶಕದಲ್ಲಿ ಅಪ್ಪ ಮದರಾಸಿನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದರು. ಅವರ ತಂಗಿ, ಅಂದರೆ ನನ್ನ ಅತ್ತೆಗೆ, ಯಾರೋ ಕಿವಿಯಲ್ಲಿ ಮಾತನಾಡಿದಂತೆ ಕೇಳಿಸುತ್ತಿತ್ತು. ಅದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿ ಮಾತ್ರೆ ಕೊಡುತ್ತಿದ್ದ ಕೀಲ್ಪಾಕ್ ಮಾನಸಿಕ ಆಸ್ಪತ್ರೆಯ ಡಾಕ್ಟರು ಮೈಸೂರಿನವರು. ಕಾಯಿಲೆಗಿಂತ ದಿನಚರಿಯ ಬಗ್ಗೆಯೇ ಅವರ ವಿಚಾರಣೆ ಹೆಚ್ಚು. ಒಮ್ಮೆ ಅಪ್ಪ, ಅತ್ತೆಯ ಜೊತೆಗೆ ನಾನೂ ಹೋಗಿದ್ದೆ.

“ತಾವೇ ಕಾಫಿ ಮಾಡ್ಕೋತಾರಾ?” ಡಾಕ್ಟರು ಅಪ್ಪನನ್ನು ಕೇಳಿದರು.

“ಇಲ್ಲ,” ಎಂದರು ಅಪ್ಪ.

“ಬಟ್ಟೆ ಒಗ್ಕೋತಾರಾ? ಒಬ್ಬರೇ ಅಂಗಡಿಗೆ ಹೋಗಿ ಬರ್ತಾರಾ?”

“ಇಲ್ಲ, ನಾವು ಬಿಡುದಿಲ್ಲ.”

ಅತ್ತೆಗೆ ರೇಗಿತು. “ಡಾಕ್ಟ್ರೇ, ಅಣ್ಣನಿಗೂ ಇದು ಯಾವುದೂ ಬರುದಿಲ್ಲ. ಸ್ನಾನಕ್ಕೆ ಹೋದ್ರೆ ಟವೆಲ್ ಸಹ ಅತ್ತಿಗೆಯೇ ಕೊಡ್ಬೇಕು. ಅವನಿಗೆ ಯಾಕೆ ಮಾತ್ರೆ ಇಲ್ಲ?”

ಡಾಕ್ಟರು ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅಪ್ಪನತ್ತ ತಿರುಗಿ, “ಮಾಡೋಕೇ ಬಿಡದೆ, ಬರಲ್ಲ ಅಂದ್ರೆ ಹೇಗೆ ಸ್ವಾಮಿ? ಬಿಟ್ಟು ನೋಡಿ,” ಎಂದರು.

ಅಪ್ಪ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು. ಮನೆಯಲ್ಲಿ ವಿಷಯ ಕೇಳಿದ ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. ಮರುದಿನವೇ ನಾದಿನಿಯ ಕೈಗೆ ತರಕಾರಿ ಚೀಲ ಕೊಟ್ಟು ಕಳಿಸಿದಳು. ಕುತೂಹಲಕ್ಕೆ ನಾನು ಹಿಂದೆಯೇ ಹೋದೆ. ಕಿವಿಯ ಧ್ವನಿಗಳೇನೂ ನಿಂತಿರಲಿಲ್ಲ. ಅತ್ತೆ ಅವುಗಳಿಗೆ ಕನ್ನಡದಲ್ಲೂ ಬದನೆಕಾಯಿ ಮಾರುವವಳಿಗೆ ತಮಿಳಿನಲ್ಲೂ ಬೈಯುತ್ತಿದ್ದಳು. ಒಂದು ಸಲವೂ ಅದಲುಬದಲಾಗಲಿಲ್ಲ. ಬದನೆಕಾಯಿಯೂ ಎಳೆಯದೇ ಸಿಕ್ಕಿತು.