ಹಗೇವಿನ ಬೂಸರು, ತಮ್ಮನ ಉಸಿರು

ನನ್ನ ತಮ್ಮ ಈರಣ್ಣ ಕೆಮ್ಮಿದ. ಕರ್ಚೀಫಿನಲ್ಲಿ ರಕ್ತ. ಮೆಲ್ಲಗೆ ಮಡಚಿ ಜೇಬಿಗಿಟ್ಟುಕೊಂಡ. ನೋಡಿದ್ದು ನಾನೊಬ್ಬಳೇ.

"ಅಕ್ಕಾ, ಮಹಾದೇವಿ ಮುಂದ ಹೇಳಬ್ಯಾಡ."

ಮಹಾದೇವಿ ಅವನ ಹೆಂಡತಿ. ಅವನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು. ಆಪರೇಷನ್ ಆಗಿ ವರ್ಷವೂ ತುಂಬಿರಲಿಲ್ಲ. ಈರಣ್ಣ ಮುದ್ದೇಬಿಹಾಳದ ತನ್ನ ಬಟ್ಟೆ ಅಂಗಡಿಗೆ ಆಗಷ್ಟೇ ಮತ್ತೆ ಹೋಗತೊಡಗಿದ್ದ.

ಹೇಳದೆ ಇರಲಾದೀತೇ? ಹೇಳಿದೆ. ಅವಳು ಅಳಲಿಲ್ಲ. ಚಪ್ಪಲಿ ಮೆಟ್ಟಿ ನಿಂತಳು. "ನಡೀರಿ."

ಮೊದಲು ತೋರಿಸಿದಲ್ಲಿ ಟಿ.ಬಿ. ಎಂದರು. ಗುಳಿಗೆ ನುಂಗಿದ, ಜ್ವರ ಇಳಿಯಲಿಲ್ಲ. ಸೊಲ್ಲಾಪುರಕ್ಕೆ ಓಡಿದೆವು. ಪುಪ್ಪುಸದೊಳಗೆ ನಳಿಕೆ ಇಳಿಸಿ ನೋಡಿದ ಡಾಕ್ಟರು (ಪುಣ್ಯಕ್ಕೆ ನಮ್ಮ ಕಡೆಯವರು) ಕೇಳಿದರು: "ಇತ್ತೀಚೆಗೆ ಧೂಳಿನ್ಯಾಗ ಎಲ್ಲ್ಯರೆ ಹೋಗಿದ್ರೇನು?"

ಹೋಗಿದ್ದ. ತಾಂಬಾದಲ್ಲಿ ಅವನ ಮಾವನ ಮನೆಯವರು ಹಗೇವು ತೆಗೆಸಿದ್ದರು. ಹಗೇವೆಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಮೇಲಿನ ಜೋಳಕ್ಕೆ ಬೂಸರು ಹಿಡಿದಿತ್ತು. ಈರಣ್ಣ ಬಗ್ಗಿ ನೋಡುವಾಗ ಬೂಸರಿನ ಧೂಳು ಎದ್ದಿತ್ತು. ಅಲ್ಲಿದ್ದವರೆಲ್ಲ ಸೀನಿದರು, ಮುಖ ತೊಳೆದರು, ಉಂಡರು. ಇವನೊಬ್ಬನ ಎದೆಯಲ್ಲಿ ಬೂಸರು ಬೇರು ಬಿಟ್ಟಿತು.

ಇವನಿಗೇ ಏಕೆ? ಬೇರೆಯವರ ಕಿಡ್ನಿಯನ್ನು ಮೈ ಒಪ್ಪಬೇಕಾದರೆ ರೋಗ ತಡೆಯುವ ಮೈಯ ಕಾವಲಿಗೆ ದಿನಾ ಔಷಧಿ ಕೊಟ್ಟು ಮಂಪರು ತರಿಸಬೇಕು. ಕಾವಲು ಮಲಗಿದ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ.

ಬೂಸರಿಗೆ ಔಷಧಿ ಇತ್ತು. ಆದರೆ ಅದು ಕಿಡ್ನಿಯನ್ನೇ ಕೆಡಿಸುವಂಥದು. ಡಾಕ್ಟರು ಮಹಾದೇವಿಯ ಮುಖ ನೋಡಿದರು.

"ನಾ ಕೊಟ್ಟಿದ್ದು ಹೋದ್ರ ಹೋಗ್ಲಿರಿ. ಅವರು ಉಳೀಲಿ."

ಆ ಔಷಧಿಯ ಬಾಟಲಿ ಹಚ್ಚಿದರೆ ಸಾಕು, ಈರಣ್ಣ ಗಡಗಡ ನಡುಗುತ್ತಿದ್ದ. ನಾವಿಬ್ಬರೂ ಕಾಲು ಒತ್ತಿ ಹಿಡಿಯುತ್ತಿದ್ದೆವು. ಬೆಳಗ್ಗೆ ರಕ್ತದ ರಿಪೋರ್ಟ್ ಬರುವ ಹೊತ್ತಿಗೆ ನಾನು ವರಾಂಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಕೇಳುವ ಧೈರ್ಯ ನನಗಿರಲಿಲ್ಲ.

ಉಳಿದ. ಕಿಡ್ನಿಯೂ ಸೊರಗಿ ಸೊರಗಿ ಉಳಿಯಿತು.

ಊರಿಗೆ ಹೊರಡುವ ದಿನ ಮಹಾದೇವಿ ಕೇಳಿದಳು. "ಸಾಹೇಬ್ರ, ದಡಾರಕ್ಕ ಲಸಿಕಿ ಹಾಕ್ತೀರಿ, ಪೋಲಿಯೋಕ್ಕ ಹಾಕ್ತೀರಿ. ಈ ಬೂಸರಕ್ಕ ಇಲ್ಲೇನ್ರಿ?"

"ಇಲ್ಲವ್ವಾ. ಹುಡುಕಾಕತ್ತಾರ. ರಕ್ತದಾಗಿನ ಕಾವಲು ಕಣ ಹೊರಗ ತಗೊಂಡು, ಅವಕ್ಕ ಬೂಸರಿನ ಗುರುತು ಹಿಡಿಸಿ, ತಿರುಗಿ ಮೈಯಾಗ ಬಿಡೋದು. ಅವು ಉಳಿದ ಕಣಗಳಿಗೆ ಕಲಿಸ್ತಾವ, ಇಂವನೇ ವೈರಿ ಅಂತ."

"ಯಾರಿಗರೆ ಕೊಟ್ಟು ನೋಡ್ಯಾರೇನ್ರಿ?"

"ಇಲಿಗೆ."

ನಾನು ಎಚ್ಚರ ಹೇಗಿರಬೇಕೆಂದು ಕೇಳಿದೆ. ಧೂಳಿನಿಂದ ದೂರ ಇರಿಸಿ ಎಂದರು. ಮತ್ತೆ ತಾವೇ ಅಂದರು: "ಆದ್ರ ಬೂಸರಿನ ಬೀಜ ಬರೇ ಗಾಳಿಯಾಗೂ ಇರ್ತಾವ್ರಿ."

ಈಗ ನಮ್ಮ ಮನೆಯ ಕಿಟಕಿಗಳು ಬಿರುಬೇಸಿಗೆಯಲ್ಲೂ ಮುಚ್ಚಿವೆ. ಬಯಲಿನಿಂದ ಸುಳಿಗಾಳಿ ಎದ್ದರೆ ಮಹಾದೇವಿ ಕೈಲಿದ್ದ ಹಿಟ್ಟನ್ನೂ ಬಿಟ್ಟು ಬಾಗಿಲಿಗೆ ಓಡುತ್ತಾಳೆ. ಗಾಳಿ ಬಾರದ ಕೋಣೆಯಲ್ಲಿ ಈರಣ್ಣ ಬೆವರುತ್ತ ಕೂತಿರುತ್ತಾನೆ.

ನೀವೇ ಹೇಳಿ, ಇಲಿಗೆ ಕೊಟ್ಟ ಲಸಿಕೆ ಮನುಷ್ಯನಿಗೆ ಬರುವತನಕ ಇವನು ಯಾವ ಗಾಳಿ ಉಸಿರಾಡಬೇಕು?