ಒಂದೇ ಮನೆಯ ಎರಡು ಡೈವಿಂಗ್ ಕಾರ್ಡು

ನನ್ನ ಗಂಡನ ಊರಿನವರು ನನ್ನ ಈಜನ್ನು ಈಜೆಂದು ಒಪ್ಪಿದವರೇ ಅಲ್ಲ. ನಾನು ಹತ್ತಿಕುಣಿ ಕಡೆಯವಳು. ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕೈಕಾಲು ಬಡಿಯುವುದು ಮೊದಲ ಪಾಠ. ಬುರುಡೆ ಬಿಚ್ಚಿದ ಮೇಲೆ ಪರೀಕ್ಷೆ. ಮೇಲಿಂದ ಜಿಗಿದು, ತಳ ಮುಟ್ಟಿ, ಒಂದು ಹಿಡಿ ಕೆಸರು ತಂದು ದಂಡೆಯಲ್ಲಿ ಕೂತ ಕಾಕಾನಿಗೆ ತೋರಿಸಬೇಕು. ಕೆಸರು ತಂದವರಿಗಷ್ಟೇ ಈಜು ಬಂತೆಂದು ಲೆಕ್ಕ. ನಾನು ತಂದ ದಿನ ಕೈ ತೊಳೆಯಲು ಮನಸ್ಸೇ ಬರಲಿಲ್ಲ.

ಮದುವೆಯಾಗಿ ಹೋದದ್ದು ಶಹಾಪುರ, ಸುರಪುರಗಳ ನಡುವಿನ ಹಳ್ಳಿಗೆ. ಅಲ್ಲಿಗೆ ಆಗಲೇ ಕೆನಾಲು ಬಂದು, ಜೋಳದ ಹೊಲಗಳಲ್ಲಿ ಭತ್ತ ನಾಟಿ ನಡೆದಿತ್ತು. ಅವರ ಪರೀಕ್ಷೆಯೇ ಬೇರೆ: ಸೇತುವೆ ಹತ್ತಿರ ಧುಮುಕಿ, ಸೆಳವಿಗೆ ಅಡ್ಡ ಈಜಿ, ಎದುರಿನ ಮೆಟ್ಟಿಲು ಹಿಡಿಯಬೇಕು. ನಾನು ಇಳಿಯಲು ಹೊರಟರೆ ನಮ್ಮ ಮನೆಯವರು ದಂಡೆಯಲ್ಲೇ ತಡೆದರು.

"ಬಾವಿ ನೀರು ಕುಂತ ನೀರು. ಇದು ಓಡೋ ನೀರು. ಅಲ್ಲಿ ಕಲ್ತದ್ದು ಇಲ್ಲಿ ನಡಿಯಂಗಿಲ್ಲ."

"ನೀವು ಮ್ಯಾಲಿಂದ ಮ್ಯಾಲೇ ತೇಲೋ ಮಂದಿ," ಎಂದೆ. "ತಳ ಎಂದಾರ ನೋಡೀರೇನು?"

ಅವರ ಮಾತಿನಲ್ಲಿ ಹುರುಳಿತ್ತು, ಕೆನಾಲಿನ ಸೆಳವು ಹುಡುಗಾಟವಲ್ಲ. ಆದರೆ ಅದನ್ನು ಹೇಳುವ ಧಾಟಿಗೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಆ ಜಗಳ ನಮ್ಮ ಸಂಸಾರದ ಜೊತೆಗೇ ಬೆಳೆಯಿತು.

ಮುಂದೆ ಯಾದಗಿರಿಯಲ್ಲಿ ಮನೆ ಮಾಡಿದೆವು. ನಾನು ಶಾಲೆಯಲ್ಲಿ ಟೀಚರು, ಅವರು ಕಚೇರಿಯೊಂದರಲ್ಲಿ ಗುಮಾಸ್ತರು. ಒಮ್ಮೆ ಟೀಚರುಗಳ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋದವಳು ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು ಸಮುದ್ರಕ್ಕಿಳಿದೆ. ಅದರ ಹುಚ್ಚು ಹಿಡಿಯಿತು. ಮರುವರ್ಷದ ರಜೆಯಲ್ಲಿ ಪೂರಾ ಕೋರ್ಸು ಮುಗಿಸಿ, ಡೈವಿಂಗ್ ಕಲಿತದ್ದಕ್ಕೆ ಸಂಸ್ಥೆ ಕೊಡುವ ಕಾರ್ಡು ತಂದೆ. ಹೆಂಡತಿಯ ಕಾರ್ಡು ಶೋಕೇಸಿನಲ್ಲಿ ಕೂತಿರುವಾಗ ನಮ್ಮವರು ಸುಮ್ಮನಿದ್ದಾರೆಯೇ? ಗೋವಾಕ್ಕೆ ಹೋಗಿ ತಾವೂ ಒಂದು ತಂದರು. ಅದು ಬೇರೆ ಸಂಸ್ಥೆಯದು. ಮತ್ತೆ ಶುರು: ಯಾರ ಕಾರ್ಡು ಎಲ್ಲ ಕಡೆ ನಡೆಯುತ್ತದೆ, ಯಾರದು ನಡೆಯುವುದಿಲ್ಲ? ಸ್ಟಾಫ್‌ರೂಮಿನಲ್ಲಿ ಕೇಳಿದರೆ, ಒಂದು ಬೋರ್ಡಿನ ಅಂಕಪಟ್ಟಿಗೆ ಇನ್ನೊಂದು ಬೋರ್ಡು ತಕರಾರು ತೆಗೆಯುವ ಕತೆಗಳನ್ನೇ ಹೇಳಿ ಹೆದರಿಸಿದರು.

ಇಬ್ಬರೂ ಕೂಡಿ ಅಂಡಮಾನಿಗೆ ಹೊರಟಾಗ ನನಗಿದ್ದದ್ದು ಒಂದೇ ಆಸೆ. ಡೈವಿಂಗಿನಲ್ಲಿ ಇಬ್ಬಿಬ್ಬರ ಜೋಡಿ ಮಾಡುತ್ತಾರೆ. ಒಬ್ಬರ ಗಾಳಿ ಕೈಕೊಟ್ಟರೆ ಇನ್ನೊಬ್ಬರು ತಮ್ಮದನ್ನು ಕೊಡಬೇಕು. ನನ್ನನ್ನು ಕೆನಾಲಿಗೆ ಇಳಿಯಗೊಡದವರು ಅಲ್ಲಿ ನನ್ನ ಜೋಡಿಯಾಗಬೇಕಿತ್ತು.

ಅಲ್ಲಿನ ತರಬೇತುದಾರನ ಅಂಗಡಿ ಮೂರನೆಯ ಸಂಸ್ಥೆಗೆ ಸೇರಿದ್ದು. ಇಬ್ಬರೂ ಕಾರ್ಡು ಮುಂದಿಟ್ಟೆವು. ಆತ ಎರಡೂ ಕಾರ್ಡು ನೋಡಿ, ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, ಆಯಿತು ಎಂದ. ಹೆಸರುವಾಸಿ ಸಂಸ್ಥೆಗಳ ಮೊದಲ ಹಂತದ ಪಾಠ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದ. ಆತ ಕೇಳಿದ್ದು ಬೇರೆ: ಕೊನೆಯ ಸಲ ನೀರಿಗಿಳಿದು ಎಷ್ಟು ಕಾಲವಾಯಿತು? ಇಬ್ಬರಿಗೂ ವರ್ಷ ದಾಟಿತ್ತು. ಹಾಗಾದರೆ ಮೊದಲು ಆಳವಿಲ್ಲದ ಕಡೆ ಒಂದು ಪರೀಕ್ಷೆ ಕೊಡಿ ಎಂದ.

ಮುಖವಾಡದೊಳಗೆ ನೀರು ಬಿಟ್ಟುಕೊಂಡು, ಮೂಗಿನಿಂದ ಗಾಳಿ ಊದಿ ಅದನ್ನು ಹೊರಹಾಕುವ ಪರೀಕ್ಷೆ. ನಾನು ಸಲೀಸಾಗಿ ಮಾಡಿದೆ. ಮುಗಿದ ಖುಷಿಗೆ ಕೈ ತಾನಾಗಿ ತಳಕ್ಕೆ ಹೋಯಿತು. ಒಂದು ಹಿಡಿ ಮರಳು ಬಾಚಿ ಮೇಲೆದ್ದು, ತೋಳೆತ್ತಿ ತೋರಿಸಿದೆ. ಆತ ಕೆಂಡವಾದ. ಸಮುದ್ರದ ತಳದಲ್ಲಿ ಏನನ್ನೂ ಮುಟ್ಟಬಾರದು, ಇದನ್ನು ಯಾವ ಸಂಸ್ಥೆಯಾದರೂ ಕಲಿಸಿರುತ್ತದೆ ಎಂದು ಚೆನ್ನಾಗಿ ಬೈದ. ನಮ್ಮವರು ನಗುತ್ತಾರೆಂದು ಕಾದೆ. ನಗಲಿಲ್ಲ. ಅವರು ಮುಖವಾಡದ ನೀರು ತೆಗೆಯಲು ಎರಡು ಸಲ ತಡವರಿಸಿ, ಮೂರನೆಯದಕ್ಕೆ ಪಾಸಾಗಿದ್ದರು.

ದೋಣಿಯಲ್ಲಿ ಆತ ನಮ್ಮಿಬ್ಬರನ್ನು ಜೋಡಿ ಎಂದ ತಕ್ಷಣ ಇವರು, "ನಾ ಈ ಸರ್ ಜೋಡಿ ಹೋಗ್ತೀನಿ," ಎಂದರು.

ನನಗೆ ಅಳುವೇ ಬಂತು, ಸಿಟ್ಟೂ ಬಂತು. "ಗುರ್ತಿಲ್ಲದ ಮಂದಿ ನನ್ನ ಕಾರ್ಡು ಒಪ್ಯಾರ. ಇಷ್ಟ್ ವರ್ಷ ಕೂಡಿ ಬಾಳೇ ಮಾಡಿದ ನೀವೊಬ್ರು ಒಪ್ಪವಲ್ರಿ!"

ಅವರು ಸಿಲಿಂಡರಿನ ಪಟ್ಟಿ ತಿರುವಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಿನ್ನ ಮಾತಲ್ಲ. ನನಗೇ ಅಂಜಿಕಿ ಬಂದದ. ಕೆನಾಲ್‌ದಾಗ ಮುಳುಗೋವ್ರು ಕೈಗೆ ಸಿಕ್ಕವ್ರನ್ನ ಒಳಗ ಜಗ್ತಾರ, ಕಣ್ಣಾರೆ ನೋಡೀನಿ. ಗಾಬರ್ಯಾಗಿ ನಾ ನಿನ್ನ ಜಗ್ಗಿದ್ರ? ಸರ್ ಗಟ್ಟಿ ಮನಷ್ಯಾ ಅದಾನ, ತಡ್ಕೋತಾನ."

ಅಂದು ಕೆನಾಲಿನ ದಂಡೆಯಲ್ಲಿ ನನ್ನನ್ನು ತಡೆದವರೂ ಇವರೇ. ಅಷ್ಟು ವರ್ಷ ಅದನ್ನು ಬರೀ ಸೊಕ್ಕೆಂದು ತಿಳಿದಿದ್ದೆ.

ಇವರ ಅಂಜಿಕೆಯನ್ನು ನಾನೇ ತರಬೇತುದಾರನಿಗೆ ತಿಳಿಸಿದೆ. ಜೋಡಿಯಾಗೇ ಇಳಿಯಿರಿ, ನಾನು ಪಕ್ಕ ಬಿಡುವುದಿಲ್ಲ, ಬೇಡವೆನಿಸಿದರೆ ಹೆಬ್ಬೆರಳು ಮೇಲೆ ಮಾಡಿ ತೋರಿಸಿ ಎಂದ ಆತ.

ಇಳಿದೆವು. ಮೇಲಿನ ಬೆಳಕು ಮಂದವಾಗುತ್ತಿದ್ದಂತೆ ಇವರು ನನ್ನ ಮಣಿಕಟ್ಟು ಹಿಡಿದರು, ಬಳೆ ಇದ್ದಿದ್ದರೆ ಒಡೆಯುವಷ್ಟು ಬಿಗಿಯಾಗಿ. ಹೆಬ್ಬೆರಳು ಮಾತ್ರ ಎತ್ತಲಿಲ್ಲ. ನೋಯುತ್ತಿತ್ತು. ಬಿಡಿ ಎಂದು ನೀರೊಳಗೆ ಹೇಳಲು ಬರುವುದಿಲ್ಲ. ಬರುವಂತಿದ್ದರೂ ನಾನು ಹೇಳುತ್ತಿರಲಿಲ್ಲ.